ಪರದೆಯಲ್ಲಿ ಕಂಡದ್ದು ಪ್ರತ್ಯಕ್ಷವೇ?

ನಾನು ಅರಿವಳಿಕೆ ವೈದ್ಯೆ. ಕೈಯ ಶಸ್ತ್ರಚಿಕಿತ್ಸೆಗೆ ಕೊರಳೆಲುಬಿನ ಮೇಲ್ಗಡೆ ನರ ಮರಗಟ್ಟಿಸುವಾಗ ಹಿಂದೆ ನಮಗಿದ್ದ ಆಸರೆ ತರ್ಕಶಾಸ್ತ್ರ ಹೇಳುವ ಅನುಮಾನ ಪ್ರಮಾಣ, ಅಂದರೆ ಕುರುಹಿನಿಂದ ಊಹಿಸಿ ತಿಳಿಯುವುದು. ಹೊಗೆಯಿಂದ ಬೆಂಕಿಯನ್ನು ತಿಳಿಯುವಂತೆ, ಬೆರಳು ಜುಮ್ಮೆಂದರೆ ಸೂಜಿ ನರದ ಬಳಿಯಿದೆ ಎಂದು ತಿಳಿಯಬೇಕಿತ್ತು. 1994ರಲ್ಲಿ ವಿಯೆನ್ನಾದ ವೈದ್ಯರು ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಲೇ ನರ ಮರಗಟ್ಟಿಸುವ ಈ ಬ್ಲಾಕ್ ಕೊಟ್ಟದ್ದನ್ನು ವರದಿ ಮಾಡಿದರು. ಈಗ ಮಿಡಿಯುವ ರಕ್ತನಾಳ, ಪಕ್ಕದ ನರಗಳು, ಕೆಳಗೆ ಹೊಳೆಯುವ ಶ್ವಾಸಕೋಶದ ಪೊರೆ ಎಲ್ಲವೂ ಕಾಣುತ್ತವೆ.

ಆದರೆ ಇದು ಪ್ರತ್ಯಕ್ಷ ಪ್ರಮಾಣವೇ, ಕಣ್ಣಾರೆ ಕಂಡದ್ದೇ? ಮರಳಿ ಬಂದ ಶಬ್ದದಿಂದ ಯಂತ್ರ ಕಟ್ಟಿದ ಚಿತ್ರವಿದು. ಸೂಜಿಯ ನಡುಭಾಗವೂ ತುದಿಯೆಂದೇ ತೋರಬಹುದು. ಅದಕ್ಕೇ ತುದಿ ಕಾಣದೆ ನಾನು ಸೂಜಿ ಮುಂದೂಡುವುದಿಲ್ಲ. ಸಿರಿಂಜ್ ಹಿಂದಕ್ಕೆಳೆದು ರಕ್ತ ಬರುತ್ತದೆಯೇ ನೋಡಿ, ಮದ್ದನ್ನು ಸ್ವಲ್ಪಸ್ವಲ್ಪವೇ ಬಿಡುತ್ತೇನೆ. "ಜೋರಾಗಿ ನೋವಾಗ್ತಿದೆಯೇನಮ್ಮಾ?" ಎಂದು ರೋಗಿಯನ್ನು ಕೇಳುತ್ತೇನೆ. ಆಕೆಯ ಉತ್ತರವೇ ನನಗೆ ಶಬ್ದ ಪ್ರಮಾಣ, ಅಂದರೆ ನಂಬತಕ್ಕವರ ಮಾತು.

ಯಾವ ಪ್ರಮಾಣವೂ ಒಂಟಿಯಾಗಿ ಸಾಲದು. ಕಂಡೆನೆಂಬ ಅಹಂಕಾರ ಕಾಣದಿರುವುದಕ್ಕಿಂತ ಅಪಾಯಕಾರಿ.