ಗೊತ್ತಿದ್ದವನ ಲಾಭ

ಲಿಂಗಸುಗೂರಿನಲ್ಲಿ ಮುಚ್ಚಿಹೋದ ಒಂದು ಫೋಟೋ ಸ್ಟುಡಿಯೋದ ಅಟ್ಟದ ಮೇಲೆ ಅದು ಸಿಕ್ಕಿತು. ಮಡಚುವ ಪ್ಲೇಟ್ ಕ್ಯಾಮೆರಾ. ಮುಚ್ಚಳ ತೆಗೆದರೆ ಹಾರ್ಮೋನಿಯಂನಂತೆ ಚರ್ಮದ ತಿದಿ ಮುಂದಕ್ಕೆ ಬರುತ್ತೆ. ರೀಲು ಇಲ್ಲ, ಒಂದು ಫೋಟೋಕ್ಕೆ ಒಂದು ಗಾಜಿನ ಪ್ಲೇಟು.

"ಅಪ್ಪಾರ ಕಾಲದ್ದು ರೀ. ಗುಜರಿಗೆ ಹಾಕಬೇಕಂತಿದ್ದೆ. ಐದುನೂರು ಕೊಡ್ರಿ ಸಾಕು," ಅಂದರು ಸ್ಟುಡಿಯೋದವರ ಮಗ.

ನನಗೆ ಗೊತ್ತಿತ್ತು. ಮೇಲೆ ಜೈಸ್ ಐಕಾನ್ ಅಂತ ಇತ್ತು. ಜರ್ಮನಿಯ ನಾಲ್ಕು ಕಂಪನಿ ಸೇರಿ ಆ ಹೆಸರು ಹುಟ್ಟಿದ್ದು 1926ರಲ್ಲಿ. ತಿದಿಯೊಳಗೆ ಮೊಬೈಲ್ ಟಾರ್ಚ್ ಹಿಡಿದು ನೋಡಿದೆ, ಮಡಿಕೆಗಳಲ್ಲಿ ಒಂದೂ ತೂತಿಲ್ಲ. ಒಂದು ಸೆಕೆಂಡಿಗೆ ಇಟ್ಟರೂ ಶಟರ್ ನಿಲ್ಲದೆ ಓಡಿತು. ಸಾಮಾನ್ಯವಾಗಿ ಕಳೆದುಹೋಗಿರುವ ಪ್ಲೇಟ್ ಹೋಲ್ಡರ್‌ಗಳೂ ಜೊತೆಗಿದ್ದವು. ಇಷ್ಟೆಲ್ಲ ಇದ್ದರೆ ಐದಾರು ಸಾವಿರಕ್ಕೆ ಮೋಸವಿಲ್ಲ. ನಾನು ಸುಮ್ಮನೆ ಐದುನೂರು ಕೊಟ್ಟು ಬಂದೆ.

ಸಿಂಧನೂರು ಬಸ್ಸಿನಲ್ಲಿ ನನಗೆ ನಾನೇ ವಕೀಲನಾದೆ. ವರ್ಷಗಟ್ಟಲೆ ಓದಿ ಕಲಿತಿದ್ದೇನೆ, ತಿಳಿವಳಿಕೆಗೆ ಬೆಲೆ ಇಲ್ವಾ? ಆಫೀಸಲ್ಲಿ ಸಂಬಳ ಬರೋದೂ ಅದಕ್ಕೇ ತಾನೆ? ಆದರೆ ಆಫೀಸಿನವರು ನನಗೆ ಗೊತ್ತಿದೆ ಅಂತ ತಿಳಿದೇ ದುಡ್ಡು ಕೊಡ್ತಾರೆ. ಇಲ್ಲಿ ನಾನು ಗಳಿಸಿದ್ದು ಅವರಿಗೆ ಗೊತ್ತಿಲ್ಲದ್ದರಿಂದ.

ಬಸ್ಸು ಮಸ್ಕಿಯಲ್ಲಿ ನಿಂತಿತು. 1915ರಲ್ಲಿ ಬಂಗಾರ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಇಲ್ಲಿಯ ಶಾಸನ ಬಿತ್ತು. ಅದರಲ್ಲಿ ಅಶೋಕನ ಹೆಸರೇ ಇತ್ತು. ಓದುವವರು ಬಂದ ಮೇಲೆಯೇ ಆ ಬಂಡೆಗೆ ಬೆಲೆ ಬಂದಿದ್ದು, ನಿಜ. ಆದರೆ ಅವರು ಓದಿದ್ದನ್ನು ಊರಿಗೆಲ್ಲ ಹೇಳಿದರು.

ಅಪ್ಪ ಒಮ್ಮೆ ಸಿಂಧನೂರಿಗೆ ಭತ್ತ ಒಯ್ದಿದ್ದ. ಅವತ್ತು ಬೆಳಿಗ್ಗೆ ರೇಟು ಏರಿದ್ದು ಕೊಳ್ಳುವವನಿಗೆ ಗೊತ್ತಿತ್ತು, ಅಪ್ಪನಿಗೆ ಗೊತ್ತಿರಲಿಲ್ಲ. ಆತ ಸುಳ್ಳೇನೂ ಹೇಳಲಿಲ್ಲ, ಬಾಯಿ ಬಿಡಲಿಲ್ಲ ಅಷ್ಟೆ. ನಮ್ಮ ಮನೆಯಲ್ಲಿ ಅವನನ್ನು ಇವತ್ತಿಗೂ ಕಳ್ಳ ಅಂತಲೇ ಕರೆಯೋದು.

ಸಿಂಧನೂರಲ್ಲಿ ಇಳಿದವನೇ ಫೋನ್ ಮಾಡಿದೆ. ಎಲ್ಲ ಹೇಳಿ, ಇನ್ನೂ ಐದು ಸಾವಿರ ಕಳಿಸ್ತೀನಿ ಅಂದೆ. ದುಡ್ಡು ಕೊಟ್ಟರೆ ಮುಗೀತು ಅಂದುಕೊಂಡಿದ್ದೆ.

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ರೊಕ್ಕ ಇರ್ಲಿ ಬಿಡ್ರಿ. ಇನ್ನೂ ಫೋಟೋ ತೆಗಿತೈತಿ ಅಂತ ಮೊದ್ಲ ಗೊತ್ತಿದ್ರ ನಾ ಮಾರ್ತಿದ್ದಿಲ್ರಿ. ಕೆಟ್ಟಿರ್ಬೇಕು ಅನ್ಕೊಂಡಿದ್ದೆ."

ನಾನು ಲೆಕ್ಕ ಹಾಕಿದ್ದು ಬರೀ ದುಡ್ಡಿನದು. ಕೊಡಬೇಕೋ ಬೇಡವೋ ಎಂದು ತಿಳಿದು ತೀರ್ಮಾನಿಸುವ ಅವಕಾಶವನ್ನೂ ಅವರಿಂದ ಕಸಿದಿದ್ದೆ. ಅದಕ್ಕೆ ಐದು ಸಾವಿರ ಸಾಲುವುದಿಲ್ಲ.

ಕ್ಯಾಮೆರಾ ಈಗ ಬೆಂಗಳೂರಿನ ನನ್ನ ಮೇಜಿನ ಮೇಲಿದೆ. ಮುಂದಿನ ತಿಂಗಳು ಊರಿಗೆ ಹೋಗುವಾಗ ವಾಪಸ್ ಒಯ್ಯುತ್ತೇನೆ. ಮಾರುವುದಾದರೆ ಅವರೇ ಬೆಲೆ ಹೇಳಲಿ.