ರಂತಿದೇವನ ಪಾರಣೆ



ಏಕಾದಶಿಯಂದು ನಾವು ನಿರಾಹಾರರಾಗಿರುತ್ತೇವೆ. ಶಕ್ತರಾದವರು ನೀರನ್ನೂ ಸ್ವೀಕರಿಸುವುದಿಲ್ಲ. ಆದರೂ ಆ ಹಸಿವು ನಮ್ಮನ್ನು ಅಂಜಿಸುವುದಿಲ್ಲ. ಅದು ಮುಗಿಯುವ ಹೊತ್ತನ್ನು ಪಂಚಾಂಗವು ಮೊದಲೇ ತಿಳಿಸಿದೆ. ದ್ವಾದಶಿಯ ಬೆಳಗು ಹರಿಯುವ ಮುನ್ನವೇ ಮಡಿಯಲ್ಲಿ ಅಡಿಗೆ ಸಿದ್ಧವಾಗಿರುತ್ತದೆ. ಪಾರಣೆ ನಿಶ್ಚಿತವಾಗಿರುವ ಈ ಹಸಿವೊಂದನ್ನೇ ಬಲ್ಲ ನಾವು, ಪಾರಣೆಯ ಹೊತ್ತೇ ಗೊತ್ತಿಲ್ಲದವರ ಹಸಿವನ್ನೂ ಬಲ್ಲೆವೆಂದು ಭಾವಿಸಿದ್ದೇವೆ. ಈ ಭ್ರಮೆಯನ್ನು ಕುರಿತು ಕೊಂಚ ವಿಚಾರ ಮಾಡೋಣ.

ನಮ್ಮಲ್ಲಿ ಬಹುಮಂದಿ ತಮ್ಮನ್ನು "ಸಾಮಾನ್ಯ ಜನ" ಎಂದು ಕರೆದುಕೊಳ್ಳುತ್ತಾರೆ. ಮನೆಯ ಸಾಲದ ಕಂತು, ಮಕ್ಕಳ ಕಾಲೇಜಿನ ಶುಲ್ಕ, ಇವೇ ನಮ್ಮ ದೊಡ್ಡ ಚಿಂತೆಗಳು. ಆದರೆ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಗ್ರಾಮಗಳಲ್ಲಿ ನೂರಕ್ಕೆ 75ರವರೆಗೆ, ನಗರಗಳಲ್ಲಿ 50ರವರೆಗೆ ಜನರನ್ನು ಸರಕಾರದ ಧಾನ್ಯಕ್ಕೆ ಹಕ್ಕುದಾರರೆಂದು ಗೊತ್ತುಪಡಿಸಿತು. ಅಂದರೆ ದೇಶದಲ್ಲಿ ಸುಮಾರು ಮೂವರಿಗೆ ಇಬ್ಬರು! ಅವರಲ್ಲಿ ಹೆಚ್ಚಿನವರಿಗೆ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ. ದಿನಕ್ಕೆ 170 ಗ್ರಾಂ ಕೂಡ ಇಲ್ಲ. ರೇಷನ್ ಅಂಗಡಿಯ ಸಾಲಿನಲ್ಲಿ ನಿಲ್ಲುವವರೇ ಈ ದೇಶದ ಸಾಮಾನ್ಯ ಜನ. ನಾವು ಅವರ ಪಕ್ಕದಲ್ಲಿ ಹಾದು ಹೋಗುವವರು.

ಮಡಿನೀರಿಗಾಗಿ ನಾವು ಎಷ್ಟು ಎಚ್ಚರ ವಹಿಸುತ್ತೇವೆ! 2011ರ ಜನಗಣತಿಯಲ್ಲಿ, ಮನೆಯ ಆವರಣದೊಳಗೇ ನೀರು ದೊರೆಯುತ್ತಿದ್ದ ಕುಟುಂಬಗಳು ನೂರಕ್ಕೆ 47 ಮಾತ್ರ. ಅನಂತರ ನಲ್ಲಿಗಳು ಹೆಚ್ಚಿವೆ, ದಿಟ. ಆದರೆ ಮಿಕ್ಕ ಮನೆಗಳ ಹೆಣ್ಣುಮಕ್ಕಳು ಅಂದು ಕೊಡ ಹೊತ್ತು ನಡೆದ ದೂರವನ್ನು ನಾವು ಎಂದಾದರೂ ಎಣಿಸಿದ್ದೆವೆ?

2020ರ ಮಾರ್ಚ್ 25ರಿಂದ ಸಾಂಕ್ರಾಮಿಕದ ನಿಮಿತ್ತ ದೇಶವೆಲ್ಲ ಬಾಗಿಲು ಮುಚ್ಚಿತು. ನಾವು ಮನೆಯೊಳಗೆ ಕುಳಿತು ಪಾರಾಯಣ ಮಾಡಿದೆವು. ಮನೆಯಲ್ಲಿರುವುದು ಎಲ್ಲರಿಗೂ ಸಾಧ್ಯವೆಂದೇ ತಿಳಿದಿದ್ದೆವು. ನಮ್ಮ ಮನೆಗಳನ್ನು ಕಟ್ಟಿದ ಎಷ್ಟೋ ಜನರಿಗೆ ನಗರದಲ್ಲಿ ಮನೆಯೇ ಇರಲಿಲ್ಲ. ಹಸುಳೆಗಳನ್ನು ಹೆಗಲಿಗೇರಿಸಿಕೊಂಡು ಅವರು ಹೆದ್ದಾರಿಯುದ್ದಕ್ಕೂ ನಡೆದರು. ತಮ್ಮ ರಾಜ್ಯಗಳಿಗೆ ಮರಳಿದ ವಲಸೆ ಕಾರ್ಮಿಕರು 1 ಕೋಟಿ 4 ಲಕ್ಷಕ್ಕೂ ಮಿಕ್ಕಿದ್ದರೆಂದು ಕೇಂದ್ರ ಸರಕಾರವೇ ಆ ಸೆಪ್ಟೆಂಬರಿನಲ್ಲಿ ಸಂಸತ್ತಿಗೆ ತಿಳಿಸಿತು. ಅವರೇನು ಆ ತಿಂಗಳು ಹುಟ್ಟಿ ಬಂದವರಲ್ಲ. ವರ್ಷಗಟ್ಟಲೆ ನಮ್ಮ ಬೀದಿಯಲ್ಲಿಯೇ ಇದ್ದರು, ನಾವು ಕಂಡಿರಲಿಲ್ಲ.

ಶ್ರೀಮದ್ಭಾಗವತದ ನವಮಸ್ಕಂಧದಲ್ಲಿ ರಂತಿದೇವನ ಕಥೆ ಬರುತ್ತದೆ. 48 ದಿನ ನೀರೂ ಇಲ್ಲದೆ ಕುಟುಂಬಸಮೇತ ಬಳಲಿದ ಆ ರಾಜನಿಗೆ ಮರುದಿನ ಬೆಳಗ್ಗೆ ತುಪ್ಪ, ಪಾಯಸ, ನೀರು ದೊರೆತವು. ಉಣ್ಣಬೇಕೆನ್ನುವಷ್ಟರಲ್ಲಿ ವಿಪ್ರನೊಬ್ಬ ಬಂದ, ಬಳಿಕ ಶೂದ್ರನೊಬ್ಬ, ಬಳಿಕ ನಾಯಿಗಳೊಡನೆ ಮತ್ತೊಬ್ಬ. ಎಲ್ಲರಲ್ಲಿಯೂ ಶ್ರೀಹರಿಯನ್ನೇ ಕಂಡು ಅನ್ನವನ್ನೆಲ್ಲ ಹಂಚಿದ. ಉಳಿದದ್ದು ಒಬ್ಬನಿಗಾಗುವಷ್ಟು ನೀರು. ಅದನ್ನು, ಊರು ಹೊರಗಿಟ್ಟಿದ್ದ ಪುಲ್ಕಸನೊಬ್ಬ ಬೇಡಿದಾಗ, ಅವನಿಗೇ ಕೊಟ್ಟುಬಿಟ್ಟ. ತಾನೇ ಹಸಿದಿದ್ದವನು ಬಂದವರನ್ನೆಲ್ಲ ಕಂಡನು. ಹೊಟ್ಟೆ ತುಂಬಿದ ನಾವು ಕಾಣಲಾರದೆ ಹೋದೆವು.

"ಅದು ಅವರವರ ಪ್ರಾರಬ್ಧ" ಎಂದು ನಮ್ಮಲ್ಲಿ ಕೆಲವರು ಸಮಾಧಾನ ಹೇಳಿಕೊಳ್ಳುವುದುಂಟು. ಪ್ರಾರಬ್ಧದ ವಿಚಾರವು ನಮ್ಮ ದುಃಖವನ್ನು ನಾವು ತಾಳಿಕೊಳ್ಳುವುದಕ್ಕೆ ಆಧಾರವೇ ಹೊರತು, ಪರರ ದುಃಖದಿಂದ ಮುಖ ತಿರುಗಿಸುವುದಕ್ಕೆ ನೆವವಲ್ಲ. ರಂತಿದೇವನು ಬಂದವರ ಪ್ರಾರಬ್ಧವನ್ನು ವಿಚಾರಿಸಲಿಲ್ಲ. ಸರ್ವಭೂತಗಳಲ್ಲಿ ನೆಲೆಸಿರುವ ತನ್ನನ್ನು ಅಲಕ್ಷಿಸಿ ಮೂರ್ತಿಯನ್ನು ಮಾತ್ರ ಅರ್ಚಿಸುವವನು ಬೂದಿಯಲ್ಲಿ ಹೋಮ ಮಾಡಿದಂತೆ ಎಂದು ಅದೇ ಭಾಗವತದಲ್ಲಿ ಕಪಿಲರೂಪಿ ಭಗವಂತನು ತಾಯಿಗೆ ಉಪದೇಶಿಸಿದ್ದಾನೆ. ಹಾಗಾದರೆ ನಮ್ಮ ಅಭಿಷೇಕ, ಅರ್ಚನೆ, ಸಂತರ್ಪಣೆಗಳು ಯಾವ ಅಗ್ನಿಯನ್ನು ಸೇರುತ್ತಿವೆ?

ನಾವು ಮಾಡಬೇಕಾದದ್ದು ಅಸಾಧ್ಯವಾದುದೇನಲ್ಲ. ಮುಂದಿನ ಏಕಾದಶಿಯಂದು, ನಮ್ಮ ಮನೆಯಲ್ಲಿ ಪಾತ್ರೆ ತಿಕ್ಕುವ ತಾಯಿಯ ಮನೆ ಎಲ್ಲಿದೆ, ಅವಳ ಮಕ್ಕಳು ಶಾಲೆಗೆ ಹೋಗುತ್ತಾರೆಯೆ, ನೀರು ಎಲ್ಲಿಂದ ಬರುತ್ತದೆ ಎಂದು ವಿಚಾರಿಸೋಣ. ಉತ್ತರವನ್ನು ಪೂರ್ತಿಯಾಗಿ ಕೇಳೋಣ. ಅವಳ ವೇತನ ನ್ಯಾಯವಾದುದೆ ಎಂದು ನಮ್ಮನ್ನೇ ಪ್ರಶ್ನಿಸಿಕೊಳ್ಳೋಣ. ಅಲ್ಲವಾದರೆ ಅದನ್ನು ಸರಿಪಡಿಸಿದ ಬಳಿಕವೇ ದ್ವಾದಶಿಯ ಪಾರಣೆಗೆ ಕುಳಿತುಕೊಳ್ಳೋಣ.

ಶ್ರೀಕೃಷ್ಣಾರ್ಪಣಮಸ್ತು.