ಮಾತೃಸ್ಮರಣೆ ಮತ್ತು ಯಾಥಾರ್ಥ್ಯ

ಹೆತ್ತು ಸಾಕಿ, ಅಕ್ಷರವನ್ನೂ ಕಲಿಸಿದ ತಾಯಿಯನ್ನು ನೆನೆಯುವುದು ಪುಣ್ಯಕರವೆಂಬುದರಲ್ಲಿ ಆಸ್ತಿಕರಾರಿಗೂ ಸಂಶಯವಿಲ್ಲ. ಆದರೆ ಹಾಗೆ ನೆನೆಯುವಾಗ ಆಕೆಯನ್ನೇ ನೆನೆಯುತ್ತೇವೆಯೋ, ನಮ್ಮ ಮನಸ್ಸಿಗೆ ಹಿತವಾದ ಒಂದು ಪ್ರತಿಮೆಯನ್ನು ನೆನೆಯುತ್ತೇವೆಯೋ ಎಂದು ವಿಚಾರಿಸುವುದು ವಿರಳ. ಈ ವರ್ಷ ನಮ್ಮ ತಾಯಿಯವರ ಶ್ರಾದ್ಧದ ದಿನ ನಡೆದ ಒಂದು ಸಣ್ಣ ಪ್ರಸಂಗವು ಈ ವಿಚಾರವನ್ನು ಅನಿವಾರ್ಯವಾಗಿಸಿತು.

ಸ್ಮೃತಿಯ ವಿಷಯದಲ್ಲಿ ದರ್ಶನಕಾರರೊಳಗೆ ಐಕಮತ್ಯವಿಲ್ಲ. ನೈಯಾಯಿಕರು ಯಥಾರ್ಥವಾದ ಅನುಭವವನ್ನು ಮಾತ್ರ ಪ್ರಮೆಯೆಂದು ಕರೆದು ಸ್ಮೃತಿಯನ್ನು ಹೊರಗಿಟ್ಟರು. ಭಾಟ್ಟಮೀಮಾಂಸಕರು, ಹಿಂದೆ ತಿಳಿಯದುದನ್ನು ತಿಳಿಸಿದರಷ್ಟೇ ಪ್ರಮಾಣ, ಸ್ಮೃತಿಯಾದರೋ ತಿಳಿದುದನ್ನೇ ಮತ್ತೆ ತಿಳಿಸುತ್ತದೆ ಎಂದರು. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಪ್ರಮಾಣಕ್ಕೆ ಬೇಕಾದುದು ಯಾಥಾರ್ಥ್ಯವೊಂದೇ, ಅಂದರೆ ವಸ್ತುವು ಹೇಗಿದೆಯೋ ಹಾಗೆಯೇ ಅದನ್ನು ಗ್ರಹಿಸುವುದು. ಆದ್ದರಿಂದ ಸ್ಮೃತಿಯೂ ಪ್ರಮಾಣವೇ. ಅದು ಮನಸ್ಸೆಂಬ ಇಂದ್ರಿಯದಿಂದ ಹುಟ್ಟುವ ಪ್ರತ್ಯಕ್ಷ, ಸಂಸ್ಕಾರವೇ ಅಲ್ಲಿ ಸನ್ನಿಕರ್ಷ ಎಂಬುದು ಶ್ರೀಜಯತೀರ್ಥರ ‘ಪ್ರಮಾಣಪದ್ಧತಿ’ಯನ್ನು ಓದಿದವರಿಗೆ ತಿಳಿದ ವಿಷಯ. ಸ್ಮೃತಿಗೆ ಇದು ದೊಡ್ಡ ಗೌರವ. ಜೊತೆಗೆ ಹೊಣೆಯೂ ಹೌದು. ಯಥಾರ್ಥವಲ್ಲದ ಸ್ಮೃತಿಗೆ ಈ ಪದವಿ ದೊರೆಯಲಾರದು.

ನಮ್ಮ ತಾಯಿಯವರ ತವರು ಗದಗಿನ ಬಳಿಯ ಒಂದು ಹಳ್ಳಿ. ಅವರ ತಂದೆಯವರು ಜಗಲಿಯ ಮೇಲೆ ಹುಡುಗರಿಗೆ ಸಂಸ್ಕೃತಪಾಠ ಹೇಳುತ್ತಿದ್ದರು. ಹೆಣ್ಣುಮಗಳಿಗೆ ಆ ಜಗಲಿಯ ಮೇಲೆ ಸ್ಥಾನವಿರಲಿಲ್ಲ. ಆಕೆ ನಡುಮನೆಯಲ್ಲಿ ಅಕ್ಕಿ ಆರಿಸುತ್ತ ಕುಳಿತು, ಕಿವಿಗೆ ಬಿದ್ದ ಶಬ್ದರೂಪಗಳನ್ನೂ ಅಮರಕೋಶವನ್ನೂ ಬಾಯಿಪಾಠ ಮಾಡಿಕೊಂಡರು. ಮುಂದೆ 1960ರ ದಶಕದಲ್ಲಿ ನಮಗೆ ಪಾಠ ಹೇಳಿದ್ದು ಆ ಬಂಡವಾಳದಿಂದಲೇ. ಸಂಜೆ ದೇವರ ಮುಂದೆ ದೀಪ ಹಚ್ಚಿದ ಮೇಲೆ ಅವರು ಹೂಬತ್ತಿ ಹೊಸೆಯುತ್ತ ಕೂಡುವರು, ನಾವು ಎದುರಿಗೆ ಕುಳಿತು ರೂಪಗಳನ್ನು ಒಪ್ಪಿಸಬೇಕು. ತಪ್ಪಿದರೆ ಬೈಗುಳವಿಲ್ಲ, ಬತ್ತಿ ಹೊಸೆಯುವ ಕೈ ನಿಲ್ಲುತ್ತಿತ್ತು, ಅಷ್ಟೆ. ಸರಿಯಾದ ರೂಪ ನಮ್ಮ ಬಾಯಿಂದಲೇ ಬರುವವರೆಗೆ ಅದು ಮತ್ತೆ ಚಲಿಸುತ್ತಿರಲಿಲ್ಲ.

ನಾವು ರೈಲ್ವೆ ಸೇವೆಗೆ ಸೇರಿ ಮುಂಬಯಿಗೆ ಬಂದ ಮೇಲೆ ತಾಯಿಯವರೂ ನಮ್ಮೊಡನೆ ಡೊಂಬಿವಲಿಯಲ್ಲಿ ನೆಲೆಸಿದರು. 1996ರಲ್ಲಿ ಒಂದು ಸಭೆಯಲ್ಲಿ ನಮ್ಮ ಉಪನ್ಯಾಸ ಏರ್ಪಟ್ಟಿತ್ತು. ವಿಷಯ ಮಾತೃಮಹಿಮೆ. ಗೌರವದಲ್ಲಿ ತಾಯಿಯು ಸಾವಿರ ತಂದೆಯರನ್ನು ಮೀರುತ್ತಾಳೆಂಬ ಮನುಸ್ಮೃತಿಯ 2ನೆಯ ಅಧ್ಯಾಯದ ಅಭಿಪ್ರಾಯವನ್ನು ವಿವರಿಸಿದೆವು. ಸಂಸ್ಕೃತದಲ್ಲಿಯೂ ನಾಲ್ಕು ವಾಕ್ಯಗಳನ್ನಾಡಿದೆವು. ಕೊನೆಗೆ ನಮ್ಮ ವಿದ್ಯಾಗುರುಗಳೆಂದು ಮೂವರು ಪಂಡಿತರನ್ನು ಹೆಸರಿಸಿ ವಂದಿಸಿದೆವು. ಹೆಂಗಸರ ಸಾಲಿನಲ್ಲಿ ಕುಳಿತಿದ್ದ ತಾಯಿಯವರ ಹೆಸರು ನಮ್ಮ ಬಾಯಿಗೆ ಬರಲಿಲ್ಲ.

ಮನೆಗೆ ಬಂದ ಮೇಲೆ ತಾಯಿಯವರು, “ತಮ್ಮಾ, ‘ಮಾತೄನ್’ ಅಂದೆಲ್ಲೋ. ‘ಮಾತೄಃ’ ಆಗಬೇಕು. ಉಳಿದ ರೂಪ ಎಲ್ಲಾ ಪಿತೃಶಬ್ದದ ಹಂಗ ನಡೀತಾವ, ಅದೊಂದೇ ಬ್ಯಾರೆ. ಅಲ್ಲೇ ತಪ್ಪಿದಿ,” ಎಂದರು.

ಈ ಕಥೆಯನ್ನು ನಾವು ಮಕ್ಕಳಿಗೂ ಬಂಧುಗಳಿಗೂ ಅನೇಕ ಸಲ ಹೇಳಿದ್ದೇವೆ. ಹೇಳುವಾಗಲೆಲ್ಲ ಅದರ ಮುಕ್ತಾಯ ಹೀಗಿರುತ್ತಿತ್ತು: ತಾಯಿಯವರು ನಕ್ಕರು, ನಾವು ಪಾದ ಮುಟ್ಟಿ ನಮಸ್ಕರಿಸಿದೆವು. ಈ ವರ್ಷ ಶ್ರಾದ್ಧದ ಊಟವಾದ ಮೇಲೆ ಮೊಮ್ಮಕ್ಕಳ ಮುಂದೆ ಮತ್ತೆ ಅದನ್ನೇ ಹೇಳಿದೆವು. ಆಗ ನಮ್ಮ ಅಕ್ಕ ಮೆಲ್ಲಗೆ, “ಅವ್ವ ನಗಲಿಲ್ಲೋ. ನಾ ಅಲ್ಲೇ ಇದ್ದೆ,” ಎಂದಳು.

ರೈಲ್ವೆಯ ಅಪಘಾತಗಳ ವಿಚಾರಣೆಗಳಲ್ಲಿ ನಾವು ಕುಳಿತವರು. ಕಂಡದ್ದೇನು, ಊಹಿಸಿದ್ದೇನು, ಇನ್ನೊಬ್ಬರಿಂದ ಕೇಳಿದ್ದೇನು ಎಂದು ಬೇರ್ಪಡಿಸಿ ಹೇಳಿಕೆ ಪಡೆಯುವುದು ಅಲ್ಲಿಯ ಕ್ರಮ. ಪ್ರತ್ಯಕ್ಷ, ಅನುಮಾನ, ಆಗಮಗಳ ವಿಭಾಗವೂ ಇದಕ್ಕೆ ದೂರವಲ್ಲ. ಸಿಗ್ನಲ್ ಹಸಿರಿತ್ತೆಂದು ಆಣೆಯಿಟ್ಟು ಹೇಳುವವನು ಸುಳ್ಳುಗಾರನೇ ಆಗಿರಬೇಕೆಂದಿಲ್ಲ. ಹಸಿರಾಗಿದ್ದರೆ ಒಳ್ಳೆಯದಿತ್ತೆಂಬ ಆಸೆಯು ನಾಲ್ಕೇ ದಿನಗಳಲ್ಲಿ ಹಸಿರನ್ನು ಕಂಡಂತೆಯೇ ಮಾಡಿಬಿಡುತ್ತದೆ. ಇತರರಲ್ಲಿ ಇದನ್ನು ಪತ್ತೆಹಚ್ಚಿದ ನಾವು ನಮ್ಮಲ್ಲಿ ಕಾಣದೇ ಹೋದೆವು.

ನಡೆದದ್ದು ಬೇರೆ. ತಿದ್ದಿದ್ದಕ್ಕೆ ನಮಗೆ ಸಿಟ್ಟು ಬಂದು, “ಅಲ್ಲಿ ಯಾರಿಗೆ ಗೊತ್ತಾಗ್ತದವ್ವಾ?” ಎಂದಿದ್ದೆವು. “ನನಗ ಗೊತ್ತಾತಲ್ಲ,” ಎಂದು ಹೇಳಿ ತಾಯಿಯವರು ಹತ್ತಿಯನ್ನೆತ್ತಿಕೊಂಡು ಬತ್ತಿ ಹೊಸೆಯತೊಡಗಿದರು. ಅವರು 2009ರಲ್ಲಿ ತೀರಿಕೊಂಡರು. ನಡುವಿನ 13 ವರ್ಷಗಳಲ್ಲಿ ಯಾವ ಸಭೆಯಲ್ಲಿಯೂ ನಾವು ಅವರನ್ನು ನಮ್ಮ ಗುರುವೆಂದು ಹೇಳಲಿಲ್ಲ.

ಪ್ರೀತಿಯಿಂದ ಮಾಡುವ ಸ್ಮರಣೆಯಲ್ಲಿ ಅಲಂಕಾರ ಸಹಜ, ಅದರಿಂದ ಯಾರಿಗೆ ಹಾನಿ ಎಂದು ಸಜ್ಜನರು ಆಕ್ಷೇಪಿಸಬಹುದು. ಹಾನಿಯಿದೆ. ತಾಯಿ ನಕ್ಕಳೆಂದು ಹೇಳಿದಾಗ ಅಲಂಕೃತರಾದವರು ನಾವೇ ಹೊರತು ತಾಯಿಯಲ್ಲ. ಆಕೆಯ ನೋವೂ, ಒಂದು ವಿಭಕ್ತಿರೂಪ ತಪ್ಪಿದರೂ ಸೈರಿಸದ ಶಾಸ್ತ್ರನಿಷ್ಠೆಯೂ ಆ ಕಲ್ಪಿತ ನಗುವಿನಲ್ಲಿ ಮುಚ್ಚಿಹೋದವು. ನಾವು ಹೊಗಳುತ್ತ ಬಂದದ್ದು ನಮ್ಮನ್ನು ಕ್ಷಮಿಸಿಬಿಟ್ಟ ಒಬ್ಬ ತಾಯಿಯನ್ನು. ನಮಗೆ ವಿದ್ಯೆ ಕೊಟ್ಟವರು ಕೈ ನಿಲ್ಲಿಸಿ ಕಾಯುತ್ತಿದ್ದ ತಾಯಿ. ಕೃತಜ್ಞತೆ ಎಂಬ ಪದದ ಅರ್ಥವೇ ಮಾಡಿದ ಉಪಕಾರವನ್ನು ತಿಳಿದಿರುವುದು. ಅದು ಮೊದಲು ಒಂದು ಜ್ಞಾನ. ಜ್ಞಾನವಾದ ಮೇಲೆ ಯಥಾರ್ಥವಾಗಿರಲೇಬೇಕು.

ಹಾಗಾದರೆ ಮರೆವು ನಮ್ಮನ್ನು ಪೂರ್ತಿಯಾಗಿ ವಂಚಿಸಿತ್ತೇ? ಇಲ್ಲವೆಂದೇ ತೋರುತ್ತದೆ. ಮನಸ್ಸು ದೋಷಕ್ಕೊಳಗಾಗಬಹುದು, ಸಾಕ್ಷಿಯು ಹಾಗಲ್ಲ ಎಂದು ನಮ್ಮ ಶಾಸ್ತ್ರ ಹೇಳುತ್ತದೆ. ಕಥೆಯ ಆ ಕೊನೆಯ ಮಾತಿಗೆ ಬಂದಾಗಲೆಲ್ಲ ನಮ್ಮ ದನಿ ಸ್ವಲ್ಪ ಅವಸರಪಡುತ್ತಿತ್ತು. ಒಳಗೆ ಯಾರೋ ಒಪ್ಪುತ್ತಿರಲಿಲ್ಲ. ಅದನ್ನು ಪರೀಕ್ಷಿಸಲು ನಾವು ಅವಕಾಶ ಕೊಡಲಿಲ್ಲ. ಪರೀಕ್ಷೆಗೆ ಅಕ್ಕನ ಆಪ್ತವಾಕ್ಯ ಬೇಕಾಯಿತು.

ವಾಚಕ ಮಹಾಶಯರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಮುಂದಿನ ಪಕ್ಷಮಾಸದಲ್ಲಿ ತಾಯಿಗೆ ತಿಲೋದಕ ಕೊಡುವಾಗ, ಆಕೆಯ ವಿಷಯದಲ್ಲಿ ನೀವು ಹೇಳುತ್ತ ಬಂದ ಒಂದು ಕಥೆಯನ್ನು ಅಕ್ಕತಂಗಿಯರ ಮುಂದಿಟ್ಟು ಪರೀಕ್ಷಿಸಿ. ತಾಯಿ ಬದುಕಿದ್ದರೆ, ಕಲಿಸಿದ್ದನ್ನು ಆಕೆ ಕೇಳುವಂತೆ ನಾಲ್ವರ ಮುಂದೆ ಹೇಳಿ. ನಮಗೆ ಆ ಎರಡನೆಯ ಅವಕಾಶವಿಲ್ಲ. ಈ ಲೇಖನದಲ್ಲಾದರೂ ಹೇಳುತ್ತೇವೆ: ನಮ್ಮ ಪ್ರಥಮ ವಿದ್ಯಾಗುರುಗಳು ನಮ್ಮ ತಾಯಿಯವರು, ಮತ್ತು ಅಂದು ತಪ್ಪಿದ್ದು ವಿಭಕ್ತಿರೂಪವೊಂದೇ ಅಲ್ಲ.

॥ ಶ್ರೀಕೃಷ್ಣಾರ್ಪಣಮಸ್ತು ॥